ಹುಟ್ಟದ ಬೀಜ, ಹೂಡದ ದಾವೆ

ಐನೂರು ರೂಪಾಯಿ. ರೈತನಿಗೆ ಕಳಪೆ ಬೀಜ ಮಾರಿ ಸಿಕ್ಕಿಬಿದ್ದವನಿಗೆ 1966ರ ಬೀಜ ಕಾಯ್ದೆ ಮೊದಲ ತಪ್ಪಿಗೆ ಹೇಳುವ ಗರಿಷ್ಠ ದಂಡ ಇಷ್ಟು. ಕನಿಷ್ಠವಲ್ಲ, ಗರಿಷ್ಠ. ಮತ್ತೆ ಸಿಕ್ಕಿಬಿದ್ದರೆ ಸಾವಿರ ರೂಪಾಯಿ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ. ಗೋವಿನಜೋಳದ ಹೈಬ್ರಿಡ್ ಬೀಜದ ನಾಲ್ಕು ಕಿಲೋ ಪಾಕೀಟು ಸಾವಿರ ರೂಪಾಯಿ ದಾಟಿ ಎಷ್ಟೋ ವರ್ಷವಾಯಿತು. ಎಕರೆಗೆ ಅಂಥವು ಎರಡು ಬೇಕು. ಸುಳ್ಳು ಬೀಜ ಮಾರಿದವನು ಕಟ್ಟುವ ದಂಡಕ್ಕೆ ಅದೇ ಅಂಗಡಿಯಲ್ಲಿ ಅರ್ಧ ಪಾಕೀಟು ಬೀಜವೂ ಸಿಗುವುದಿಲ್ಲ.

ಇದೇ ದೇಶದಲ್ಲಿ ಪ್ರತಿ ಡಿಸೆಂಬರ್ 24ಕ್ಕೆ ರಾಷ್ಟ್ರೀಯ ಗ್ರಾಹಕರ ದಿನ ಆಚರಿಸುತ್ತಾರೆ. 1986ರಲ್ಲಿ ಅಂದು ಗ್ರಾಹಕರ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಬ್ಯಾನರು, ದೀಪ, ಶಾಲು, ಹಾರ. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಕುರ್ಚಿ ತುಂಬಿಸಲು ಕರೆತಂದ ಪಿಯು ಕಾಲೇಜಿನ ಮಕ್ಕಳು. ಗ್ರಾಹಕನೇ ದೊರೆ, ಗ್ರಾಹಕ ಎಚ್ಚರದಿಂದಿರಬೇಕು, ಬಿಲ್ಲು ಕೇಳಿ ಪಡೆಯಬೇಕು, ಐಎಸ್‌ಐ ಗುರುತು ನೋಡಬೇಕು, ಮೋಸವಾದರೆ 1915ಕ್ಕೆ ಕರೆ ಮಾಡಬೇಕು. ಮಾಡಬೇಕಾದ್ದೆಲ್ಲ ಗ್ರಾಹಕನೇ. ಸರ್ಕಾರ ಇಂತಿಂಥದ್ದನ್ನು ಮಾಡಲಿಲ್ಲ, ಇನ್ನು ಮೇಲೆ ಮಾಡುತ್ತದೆ ಎಂಬ ಒಂದು ಮಾತನ್ನು ಆ ವೇದಿಕೆಯಿಂದ ಕೇಳಿಸಿಕೊಂಡವರಿದ್ದರೆ ಕೈ ಎತ್ತಿ.

ಆ ಸಭಾಂಗಣದಲ್ಲಿ ರೈತ ಇರುವುದಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆಯುವುದೂ ಇಲ್ಲ. ಅವರ ಲೆಕ್ಕದಲ್ಲಿ ಗ್ರಾಹಕ ಎಂದರೆ ಫ್ರಿಜ್ಜು ಕೊಂಡವನು, ಫ್ಲ್ಯಾಟು ಕೊಂಡವನು, ವಿಮಾನ ತಡವಾಗಿ ಸಿಟ್ಟಿಗೆದ್ದವನು. ಮುಂಗಾರು ಕೂಡುವ ಮೊದಲೇ ಬೀಜಕ್ಕೆ, ಗೊಬ್ಬರಕ್ಕೆ, ಔಷಧಕ್ಕೆ, ಬೋರಿನ ಮೋಟರಿಗೆ ಸಾಲದ ದುಡ್ಡು ಸುರಿಯುವ ರೈತ ಅವರಿಗೆ ಬರೀ ‘ಅನ್ನದಾತ’. ಅನ್ನದಾತನಿಗೆ ಹಾರ ಹಾಕಬಹುದು. ಬಿಲ್ಲು ಕೊಡಬೇಕಾಗಿಲ್ಲ.

ಜೂನ್ ಮೊದಲ ವಾರ, ರೋಹಿಣಿ ಮುಗಿದು ಮಿರಗ ಕೂಡುವ ಹೊತ್ತು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಯಾವುದಾದರೂ ಗೊಬ್ಬರದಂಗಡಿಯ ಮುಂದೆ ಅರ್ಧ ತಾಸು ನಿಂತು ನೋಡಿ. ಗೋಡೆಯ ಮೇಲೆ ಮೊಳಕೈಯಷ್ಟು ಉದ್ದದ ತೆನೆಗಳ ಪೋಸ್ಟರು. ಕೌಂಟರಿನ ಮುಂದೆ ನೂಕುನುಗ್ಗಲು. ಅಂಗಾಲಿಗೆ ಎರೆಮಣ್ಣು ಮೆತ್ತಿಕೊಂಡು ಬಂದ ಯಜಮಾನನಿಗೆ ತಳಿಯ ಹೆಸರು ಓದಲು ಬರುವುದಿಲ್ಲ, ಬಂದರೂ ಅದು ಇಂಗ್ಲಿಷಿನ ನಾಲ್ಕು ಅಕ್ಷರ, ನಾಲ್ಕು ಅಂಕಿ. ಆತ ಪಾಕೀಟಿನ ಬಣ್ಣ ಹೇಳಿ ಕೇಳುತ್ತಾನೆ.

“ಆ ಹಳದಿ ಪಾಕೀಟಿಂದು ನಾಕು ಕೊಡ್ರಿ.”

“ಅದು ಖಾಲಿ ಆಗೇತಿ ಕಾಕಾ. ಇದನ್ನ ಒಯ್ರಿ, ಅದರಪ್ಪ ಐತಿ ಇದು.”

“ಬಿಲ್ ಹಾಕ್ರಿ ಮತ್ತ.”

“ಪಕ್ಕಾ ಬಿಲ್ ಬೇಕಂದ್ರ ರೇಟ್ ಬ್ಯಾರೆ ಆಕ್ಕೈತಿ. ನೀವು ನೋಡಿದ್ರ ಉದ್ರಿ ಒಯ್ಯವ್ರು.”

ಅಲ್ಲಿಗೆ ಮಾತು ಮುಗಿಯಿತು. ಉದ್ರಿ ಎಂದೊಡನೆ ಯಜಮಾನನ ದನಿ ತಗ್ಗುತ್ತದೆ. ಹೋದ ವರ್ಷದ ಬಾಕಿಯೇ ಅಂಗಡಿಯ ಪುಸ್ತಕದಲ್ಲಿ ಕೂತಿದೆ. ಅಂಗಡಿಕಾರ ಅಂಗೈಯಗಲದ ಬಿಳಿ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ‘ಗೋ.ಜೋಳ 4, ಡಿಎಪಿ 2’ ಎಂದು ಗೀಚಿ ಮೊತ್ತ ಬರೆದು ಕೊಡುತ್ತಾನೆ. ಅದರಲ್ಲಿ ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ, ತಳಿಯಿಲ್ಲ, ಲಾಟ್ ನಂಬರ್ ಇಲ್ಲ. ನಾಳೆ ಬೀಜ ಹುಟ್ಟದಿದ್ದರೆ ಈ ಮನುಷ್ಯ ಈ ಅಂಗಡಿಯಲ್ಲಿ ಈ ಬೀಜ ಕೊಂಡ ಎನ್ನುವುದಕ್ಕೆ ಲೋಕದಲ್ಲಿ ಒಂದು ಪುರಾವೆಯೂ ಇಲ್ಲ.

ಕಾಯ್ದೆ ಇಲ್ಲವೇ? ಬೇಕಾದಷ್ಟಿದೆ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಬೀಜ ಮಾರುವವನು ದಾಸ್ತಾನು ಮತ್ತು ದರದ ಪಟ್ಟಿಯನ್ನು ಅಂಗಡಿಯಲ್ಲಿ ತೂಗುಹಾಕಬೇಕು, ನಗದಿರಲಿ ಉದ್ರಿಯಿರಲಿ ಕೊಂಡವನಿಗೆ ರಸೀದಿ ಕೊಡಲೇಬೇಕು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಎಂದು ಕರೆದಿದೆ. ಅಗತ್ಯ ವಸ್ತುಗಳ ಕಾಯ್ದೆಯ ಕೋಲೂ ಇದೆ, ಅದರಲ್ಲಿ ಏಳು ವರ್ಷದವರೆಗೆ ಜೈಲಿಗೆ ಕಳಿಸುವ ಅವಕಾಶವಿದೆ. ಬೀಸುವ ಕೈ ಎಲ್ಲಿ? ಆ ಅಂಗಡಿಗೆ ಲೈಸೆನ್ಸ್ ಕೊಟ್ಟದ್ದು ದೆಹಲಿಯಲ್ಲ, ಕರ್ನಾಟಕದ ಕೃಷಿ ಇಲಾಖೆ. ಬೀಜ ಪರಿವೀಕ್ಷಕರಿಗೆ ಸಂಬಳ ಕೊಡುವುದು ಕರ್ನಾಟಕದ ಖಜಾನೆ. ಪರಿವೀಕ್ಷಕರ ಜೀಪು ಬರುವ ಸುದ್ದಿ ಜೀಪಿಗಿಂತ ಮೊದಲು ಅಂಗಡಿಗೆ ಬರುತ್ತದೆ ಎಂಬುದು ಸಂತೆಗೆ ಹೋಗುವ ಹುಡುಗನಿಗೂ ಗೊತ್ತು, ಇಲಾಖೆಗೆ ಮಾತ್ರ ಗೊತ್ತಿಲ್ಲ.

ಬಿತ್ತಿದ ವಾರದೊಪ್ಪತ್ತಿಗೆ ಸಾಲು ಕಾಣಬೇಕು. ಕಾಣಲಿಲ್ಲ. ಒಂದು ಸಸಿ, ಮೊಳದುದ್ದ ಬಯಲು, ಮತ್ತೊಂದು ಸಸಿ. ಬೆರಳಿನಿಂದ ಮಣ್ಣು ಕೆದರಿದರೆ ಬೀಜ ಉಬ್ಬಿ, ಬಾಯಿ ಬಿಡದೆ ಅಲ್ಲೇ ಕೊಳೆತಿದೆ. ಪಾಕೀಟಿನ ಮೇಲೆ ಮೊಳಕೆ ಕನಿಷ್ಠ 90 ಪರ್ಸೆಂಟ್ ಎಂದು ಅಚ್ಚಾಗಿದೆ. ಗೋವಿನಜೋಳಕ್ಕೆ ಸರ್ಕಾರವೇ ಗೊತ್ತುಮಾಡಿದ ಮಟ್ಟ ಅದು. ಯಜಮಾನ ಖಾಲಿ ಪಾಕೀಟು ಹಿಡಿದು ಅಂಗಡಿಗೆ ಹೋದರೆ “ಆಳ ಬಿತ್ತೀರಿ ನೀವು” ಎಂಬ ಉತ್ತರ. ಕಂಪನಿಯ ಫೀಲ್ಡ್ ಆಫೀಸರ್ ಬೈಕಿನಲ್ಲಿ ಬಂದು “ಹಸಿ ಕಡಿಮಿ ಇತ್ತು” ಎನ್ನುತ್ತಾನೆ. ಊರಿನ ನಾಲ್ಕು ಜನ ಸೇರಿ ಗದ್ದಲ ಮಾಡಿದರೆ ಎರಡು ಪಾಕೀಟು ಪುಕ್ಕಟೆ ಕೊಡುತ್ತೇವೆ, ಪೇಪರಿನವರ ತನಕ ಹೋಗಬೇಡಿ ಎಂಬ ಒಪ್ಪಂದ. ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಟ್ಟರೆ ಅದು ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ಹೋಗಬೇಕು. ಅವರು ಬರುವ ತನಕ ಹದ ಕಾಯುತ್ತದೆಯೇ?

ಹೊಲ ಹರಗಿ ಮರುಬಿತ್ತನೆ ಮಾಡಿದರೆ ಸಾಕ್ಷಿ ಹೋಯಿತು. ಸಾಕ್ಷಿ ಉಳಿಸಿಕೊಂಡು ಕೂತರೆ ಹಂಗಾಮು ಹೋಯಿತು. ಫ್ರಿಜ್ಜು ಕೊಂಡವನಿಗೆ ಈ ಸಂಕಟ ಇಲ್ಲ, ಕೆಟ್ಟ ಫ್ರಿಜ್ಜು ಅಡುಗೆಮನೆಯಲ್ಲೇ ನಿಂತಿರುತ್ತದೆ. ಬೀಜ ಮಾತ್ರ ಬಳಸಿದ ಕ್ಷಣದಿಂದಲೇ ಮಣ್ಣಿನ ಪಾಲು. ಕೊನೆಗೆ ತಂಡ ಬಂದು ನೋಡುವಾಗ ಅಲ್ಲಿ ಮರುಬಿತ್ತನೆಯ ಸಸಿ ಗೇಣುದ್ದ ಎದ್ದಿರುತ್ತದೆ. ವರದಿಯಲ್ಲಿ ‘ಹವಾಮಾನ ವೈಪರೀತ್ಯ’, ‘ತೇವಾಂಶದ ಕೊರತೆ’. ಪಾಪ, ಮಳೆರಾಯನಿಗೆ ವಕೀಲರಿಲ್ಲ, ಏನು ಹೊರಿಸಿದರೂ ಹೊರುತ್ತಾನೆ.

ಬೆಳೆ ಹೋದದ್ದೆಲ್ಲ ಬೀಜದ ತಪ್ಪಿನಿಂದಲೇ ಎಂದು ನಾನು ಹೇಳುತ್ತಿಲ್ಲ. ಮಳೆ ಕೈಕೊಡುವುದುಂಟು, ಆಳ ಬಿತ್ತುವುದೂ ಉಂಟು. ಯಾವುದು ಯಾವುದು ಎಂದು ತಿಳಿಯುವ ದಾರಿಯನ್ನೇ ಸರ್ಕಾರ ಇಟ್ಟಿಲ್ಲ ಎಂಬುದು ನನ್ನ ಸಿಟ್ಟು. ಆ ದಾರಿ ಎಷ್ಟು ಸುಲಭ ಎಂಬುದು ತಿಳಿಯಬೇಕಾದರೆ ರಾಣೆಬೆನ್ನೂರಿನ ಹೊಲಗಳಿಗೇ ಹೋಗಬೇಕು.

ಈ ತಾಲ್ಲೂಕು, ಇದರ ಸುತ್ತಲ ಸೀಮೆ, ದೇಶದ ಹೈಬ್ರಿಡ್ ಬೀಜ ಹುಟ್ಟುವ ಜಾಗ. ಹತ್ತಿ, ಮೆಣಸಿನಕಾಯಿ, ಟೊಮೆಟೊ, ಬೆಂಡೆ. ಕಂಪನಿಗಳು ಇಲ್ಲಿಯ ರೈತರ ಹೊಲದಲ್ಲೇ ಬೀಜ ಬೆಳೆಸುತ್ತವೆ. ಇಳಿಹೊತ್ತಿನಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಬಗ್ಗಿ ನಾಳೆ ಅರಳಲಿರುವ ಹತ್ತಿಯ ಮೊಗ್ಗನ್ನು ಉಗುರಿನಿಂದ ಸೀಳಿ, ಒಳಗಿನ ಗಂಡು ಕೇಸರವನ್ನು ಒಂದೂ ಬಿಡದೆ ಕಿತ್ತು ಗುರುತು ಕಟ್ಟುತ್ತಾರೆ. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂವು ತಂದು ಒಂದೊಂದಕ್ಕೂ ಸವರಬೇಕು. ‘ಕ್ರಾಸಿಂಗ್’ ಎಂದು ಇದಕ್ಕೆ ಹೆಸರು, ಓದು ಬಾರದ ಅಜ್ಜಿಯೂ ಇಲ್ಲಿ ಆ ಪದ ಬಲ್ಲಳು. ಒಂದು ಹೂವು ತಪ್ಪಿದರೂ ಕಂಪನಿ ಸುಮ್ಮನಿರುವುದಿಲ್ಲ. ಬೀಜ ಒಯ್ದ ಮೇಲೆ ಆ ಲಾಟಿನ ಮಾದರಿ ತೆಗೆದು ಮೊಳಕೆ ನೋಡುತ್ತದೆ, ಬಿತ್ತಿ ಬೆಳೆಸಿ ತಳಿಯ ಶುದ್ಧತೆ ನೋಡುತ್ತದೆ. ಫೇಲ್ ಆದರೆ ಲಾಟು ತಿರಸ್ಕೃತ, ರೈತನಿಗೆ ದುಡ್ಡಿಲ್ಲ. ಅದುವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆ ಪರೀಕ್ಷೆಗೆ ಎದುರಾಡುವಂತಿಲ್ಲ.

ನೋಡಿ, ಮಾದರಿ ತೆಗೆಯುವುದು, ಸೀಲು ಹಾಕಿ ಇಡುವುದು, ಲಾಟು ಲಾಟಿಗೂ ಪರೀಕ್ಷೆ ಮಾಡುವುದು ಎಲ್ಲವೂ ಕಂಪನಿಗೆ ಬರುತ್ತದೆ. ರೈತ ಮಾರುವವನಾಗಿದ್ದಾಗ ಒಂದೊಂದು ಕಾಳಿಗೂ ಲೆಕ್ಕ. ಅದೇ ರೈತ ಮುಂದಿನ ಜೂನಿನಲ್ಲಿ ಕೊಳ್ಳುವವನಾಗಿ ಬಂದಾಗ ಬಿಳಿ ಚೀಟಿ. ಹಾಗಿದ್ದರೆ ಸರ್ಕಾರ ಒಂದು ಸಾಲಿನ ಆದೇಶ ಹೊರಡಿಸಲು ಏನು ಅಡ್ಡಿ? ರಾಜ್ಯದೊಳಗೆ ಮಾರಾಟಕ್ಕೆ ಬರುವ ಪ್ರತಿ ಲಾಟಿನ ಸೀಲು ಹಾಕಿದ ಮಾದರಿ ಬಿತ್ತನೆಗೆ ಮೊದಲೇ ಸರ್ಕಾರದ ಬೀಜ ಪರೀಕ್ಷಾ ಕೇಂದ್ರದಲ್ಲಿ ಇರಬೇಕು. ಇಲ್ಲದ ಲಾಟು ಅಂಗಡಿಯ ಹೊಸಿಲು ದಾಟಬಾರದು. ರೈತ ಹೊಲ ಹರಗಿದರೂ ಸಾಕ್ಷಿ ಕಪಾಟಿನಲ್ಲಿ ಉಳಿಯುತ್ತದೆ. ಆಗ ನಿಜಕ್ಕೂ ಮಳೆಯದೇ ತಪ್ಪಾಗಿದ್ದರೆ ಕಂಪನಿಯೂ ಪಾರಾಗುತ್ತದೆ.

ರೈತ ಗ್ರಾಹಕನೇ ಅಲ್ಲ ಎಂದು ವಾದಿಸಿದವರು ಯಾರು ಗೊತ್ತೇ? ಆಂಧ್ರದ ರೈತರು ಬೀಜ ಕೆಟ್ಟದೆಂದು ಗ್ರಾಹಕರ ವೇದಿಕೆಯಲ್ಲಿ ಗೆದ್ದಾಗ ಅವರನ್ನು ಸುಪ್ರೀಂ ಕೋರ್ಟಿನವರೆಗೆ ಎಳೆದೊಯ್ದದ್ದು ಖಾಸಗಿ ಕಂಪನಿಯಲ್ಲ, ಭಾರತ ಸರ್ಕಾರದ್ದೇ ಆದ ರಾಷ್ಟ್ರೀಯ ಬೀಜ ನಿಗಮ. ರೈತರು ವಾಣಿಜ್ಯ ಉದ್ದೇಶಕ್ಕೆ ಬೀಜ ಕೊಂಡರು, ಆದ್ದರಿಂದ ಗ್ರಾಹಕರಲ್ಲ. ಬೀಜ ಕಾಯ್ದೆ ಇರುವಾಗ ಗ್ರಾಹಕರ ವೇದಿಕೆಗೆ ಅಧಿಕಾರವಿಲ್ಲ. ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲಿಲ್ಲ. ಜನರ ತೆರಿಗೆಯಿಂದ ಹುಟ್ಟಿದ ನಿಗಮ ಜನರ ವಿರುದ್ಧ ಹೂಡಿದ ವಾದಗಳು ಇವು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ತಳ್ಳಿಹಾಕಿತು. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ, ಮುಂದೆ ವ್ಯಾಜ್ಯ ಬಂದೀತೆಂದು ಒಂದು ಹಿಡಿ ತೆಗೆದಿಡಲಿ ಎಂದು ನಿರೀಕ್ಷಿಸಲಾಗದು, ಪರೀಕ್ಷೆ ಬೇಕಿದ್ದರೆ ನಿಗಮವೇ ಅದೇ ಲಾಟಿನ ಮಾದರಿ ಕೊಡಬಹುದಿತ್ತು ಎಂದಿತು. ನ್ಯಾಯಾಲಯಕ್ಕೆ ಹೊಳೆದದ್ದು ಕೃಷಿ ಇಲಾಖೆಗಳಿಗೆ ಇನ್ನೂ ಹೊಳೆದಿಲ್ಲ. ತೀರ್ಪು ಬಂದು ಇಷ್ಟು ವರ್ಷವಾದರೂ ‘ಮಾದರಿ ಎಲ್ಲಿದೆ?’ ಎಂದು ರೈತನನ್ನೇ ಕೇಳುವ ಚಾಳಿ ಹೋಗಿಲ್ಲ.

ಸರಿ, ರೈತ ಗ್ರಾಹಕನಾದ. ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದ. ಎದುರುದಾರನಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು, ಪ್ರಯೋಗಾಲಯದ ಪರೀಕ್ಷೆ ಬೇಕಿದ್ದರೆ ಐದು ತಿಂಗಳು ಎನ್ನುತ್ತದೆ ಕಾಯ್ದೆ. ಪ್ರಯೋಗಾಲಯದ ಶುಲ್ಕವನ್ನು ದೂರುದಾರನಿಂದಲೇ ಕಟ್ಟಿಸಿಕೊಳ್ಳುವ ಅಧಿಕಾರ ಆಯೋಗಕ್ಕಿದೆ. ಅಧ್ಯಕ್ಷರ ಜೊತೆ ಒಬ್ಬ ಸದಸ್ಯರಾದರೂ ಕೂತರೆ ಮಾತ್ರ ಕಲಾಪ ನಡೆದೀತು. ಅಧ್ಯಕ್ಷರಿದ್ದರೆ ಸದಸ್ಯರಿಲ್ಲ, ಸದಸ್ಯರಿದ್ದರೆ ಅಧ್ಯಕ್ಷರಿಗೆ ಇನ್ನೆರಡು ಜಿಲ್ಲೆಯ ಪ್ರಭಾರ. ವಾಯ್ದೆ ಮೇಲೆ ವಾಯ್ದೆ. ಬಸ್‌ಚಾರ್ಜು, ಒಂದು ದಿನದ ಕೂಲಿ, ವಕೀಲರ ಚಹಾ. ಕಂಪನಿಯ ವಕೀಲರು ಬೆಂಗಳೂರಿನಿಂದ ಬರಬೇಕು, ಅವರು ಮುಂದಿನ ತಾರೀಖು ಕೇಳುತ್ತಾರೆ, ಸಿಗುತ್ತದೆ. ಗೆದ್ದರೂ ಅರ್ಧ ದುಡ್ಡು ಠೇವಣಿ ಇಟ್ಟು ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗುತ್ತದೆ. ಆಗ ಅಲ್ಲಿಗೆ ಓಡಾಡುವ ಸರದಿ ರೈತನದು.

ಈ ಕುರ್ಚಿಗಳನ್ನು ತುಂಬಬೇಕಾದವರು ಯಾರು? ಜಿಲ್ಲಾ ಆಯೋಗಗಳನ್ನು ಸ್ಥಾಪಿಸುವುದು, ಅಧ್ಯಕ್ಷರನ್ನು, ಸದಸ್ಯರನ್ನು ನೇಮಿಸುವುದು, ಶಿರಸ್ತೇದಾರರಿಂದ ಜವಾನರವರೆಗೆ ಸಿಬ್ಬಂದಿ ಕೊಡುವುದು, ಎಲ್ಲವೂ ರಾಜ್ಯ ಸರ್ಕಾರದ ಕೆಲಸ. ಕಾಯ್ದೆಯಲ್ಲಿ ಸಂದಿಗ್ಧವೇ ಇಲ್ಲ. ಸದಸ್ಯರ ಅವಧಿ ನಿಗದಿಯಾಗಿರುತ್ತದೆ, ಅವರು ಬಂದ ದಿನವೇ ಹೋಗುವ ದಿನವೂ ಇಲಾಖೆಯ ಕಡತದಲ್ಲಿರುತ್ತದೆ. ಆದರೂ ಜಾಗ ಖಾಲಿಯಾದ ಮೇಲೆಯೇ ಆಯ್ಕೆ ಸಮಿತಿಯ ನೆನಪು. 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡು ಖಾಲಿ ಹುದ್ದೆಗಳಿಗಾಗಿ ರಾಜ್ಯಗಳ ಬೆನ್ನು ಹತ್ತಬೇಕಾಯಿತು. ಆಯೋಗ ನಡೆಸುವ ಮನಸ್ಸಿಲ್ಲದಿದ್ದರೆ ಕಾಯ್ದೆಯನ್ನೇ ತೆಗೆದುಹಾಕಿ ಎಂಬ ಅರ್ಥದ ಮಾತು ಆ ಅಕ್ಟೋಬರಿನಲ್ಲಿ ನ್ಯಾಯಪೀಠದಿಂದ ಬಂತು. ತಹಶೀಲ್ದಾರರ ಹುದ್ದೆ ಖಾಲಿಯಿದ್ದರೆ ವಾರದೊಳಗೆ ವರ್ಗಾವಣೆಯ ಆದೇಶ ಹಿಡಿದು ಓಡಿ ಬರುವವರಿದ್ದಾರೆ. ಈ ಕುರ್ಚಿಗೆ ಯಾರೂ ಓಡಿಬರುವುದಿಲ್ಲ, ಕಾರಣ ಬಿಡಿಸಿ ಹೇಳಬೇಕೇ?

ಕೇಳಿದರೆ ಒಂದೇ ಉತ್ತರ: ಅದು ಕೇಂದ್ರದ ಕಾಯ್ದೆ, ನಮ್ಮ ಕೈಯಲ್ಲಿ ಏನಿದೆ? ಬೀಜ ಕಾಯ್ದೆ ಕೇಂದ್ರದ್ದು ನಿಜ. ದೆಹಲಿ ಹೊಸ ಬೀಜ ಮಸೂದೆಯ ಕರಡನ್ನು 2004ರಲ್ಲೊಮ್ಮೆ ತಂದಿತು, 2019ರಲ್ಲೊಮ್ಮೆ ತಂದಿತು, 2025ರಲ್ಲಿ ಮತ್ತೊಮ್ಮೆ ತಂದಿತು. ಅದನ್ನು ಕಾಯುತ್ತ ಕೂತರೆ ಮೊಮ್ಮಕ್ಕಳೂ ಬಿಳಿ ಚೀಟಿಯಲ್ಲೇ ಬೀಜ ಕೊಳ್ಳುತ್ತಾರೆ. ಆದರೆ ಕೃಷ್ಣೆಯ ಆಚೆಗೆ ನೋಡಿ. ಹತ್ತಿ ಬೀಜದ ದರ ಮತ್ತು ಮಾರಾಟಕ್ಕೆ ಅಂಕುಶ ಹಾಕಲು ಆಂಧ್ರಪ್ರದೇಶ 2007ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಮಹಾರಾಷ್ಟ್ರ 2009ರಲ್ಲಿ ಮಾಡಿತು, ನಷ್ಟವಾದ ರೈತನಿಗೆ ಪರಿಹಾರ ಕೊಡಿಸುವ ದಾರಿಯನ್ನೂ ಅದರಲ್ಲೇ ಇಟ್ಟಿತು. ಅವರ ಸಂವಿಧಾನ ಬೇರೆಯೇ? 2013ರ ಮುಂಗಾರಿನಲ್ಲಿ ಹಾವೇರಿ, ದಾವಣಗೆರೆ ಕಡೆಯ ಸಾವಿರಾರು ಎಕರೆ ಬಿ.ಟಿ. ಹತ್ತಿ ಕೈಕೊಟ್ಟಾಗ ನಮ್ಮ ಸರ್ಕಾರ ಮರುವರ್ಷ ಕಂಪನಿಯೊಂದನ್ನು ಕಪ್ಪುಪಟ್ಟಿಗೆ ಸೇರಿಸಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರ. ಕಪ್ಪುಪಟ್ಟಿ ಎಂಬುದು ಕಂಪನಿಯ ಮುಂದಿನ ವ್ಯಾಪಾರಕ್ಕೆ ತಡೆ. ಹಿಂದಿನ ವರ್ಷವೇ ಬೆಳೆ ಕಳಕೊಂಡು ಬಡ್ಡಿ ಕಟ್ಟುತ್ತಿರುವವನು ಆ ಪಟ್ಟಿಯನ್ನು ಬ್ಯಾಂಕಿಗೆ ಕೊಟ್ಟರೆ ಸಾಲ ತೀರುವುದಿಲ್ಲ.

ಮನಸ್ಸು ಮಾಡಿದರೆ ಈ ಸರ್ಕಾರಕ್ಕೆ ಎಷ್ಟು ಬೇಗ ಕಾಯ್ದೆ ಮಾಡಲು ಬರುತ್ತದೆ ಎಂಬುದನ್ನು 2025ರಲ್ಲೇ ನೋಡಿದೆವು. ಮೈಕ್ರೊಫೈನಾನ್ಸ್ ವಸೂಲಿಯ ಕಾಟಕ್ಕೆ ಜನ ಊರು ಬಿಟ್ಟರು, ಪ್ರಾಣ ಕಳಕೊಂಡರು. ಜನವರಿಯಲ್ಲಿ ಕೂಗೆದ್ದಿತು, ಫೆಬ್ರುವರಿ 12ಕ್ಕೆ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರೂ ಸರ್ಕಾರ ಬಿಡಲಿಲ್ಲ, ಮತ್ತೆ ಕಳಿಸಿ ಸಹಿ ಹಾಕಿಸಿಕೊಂಡಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದಾಯಿತು. ಜನ ಆ ಸಾಲ ಎತ್ತಿದ್ದು ಯಾತಕ್ಕೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಬೀಜ ಗೊಬ್ಬರಕ್ಕೇ ಎತ್ತಿದ ಮನೆಗಳೆಷ್ಟು? ಸಾಲ ವಸೂಲಿಗೆ ಬಂದವನಿಗೆ ಹತ್ತು ವರ್ಷ, ಆ ಸಾಲದ ದುಡ್ಡಿಗೆ ಸತ್ತ ಬೀಜ ಮಾರಿದವನಿಗೆ ಐನೂರು ರೂಪಾಯಿ!

ಎದುರಿಗೆ ಬಲವಿದ್ದವರು ನಿಂತಾಗ ಮಾತ್ರ ಕಥೆ ಬೇರೆ. ಸಿನಿಮಾ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಿದರು, 2025ರ ಸೆಪ್ಟೆಂಬರ್ 12ಕ್ಕೆ ಆದೇಶ, 23ಕ್ಕೆ ಹೈಕೋರ್ಟಿನ ತಡೆ. ಹಿಂದೆ 2017ರಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕಲು ಹೊರಟಾಗ ಏನಾಯಿತೆಂಬುದು ನೆನಪಿರಬೇಕು. ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಮಸೂದೆ ತಂದರು. ನವೆಂಬರಿನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೇ, ವೈದ್ಯರು ಆಸ್ಪತ್ರೆಗಳ ಬಾಗಿಲು ಹಾಕಿಕೊಂಡು ಬೀದಿಗೆ ಬಂದರು. ಹೊರಗೆ ರೋಗಿಗಳು ಒದ್ದಾಡಿದರು. ಕೊನೆಗೆ ಅಂಗೀಕಾರವಾದ ಕಾಯ್ದೆಯಲ್ಲಿ ಹೆಚ್ಚು ವಸೂಲಿ ಮಾಡಿದವರಿಗೆ ಜೈಲು ಎಂಬ ಮಾತು ಇರಲಿಲ್ಲ. ಬಲ ಇದ್ದವರು ಮುಷ್ಕರ ಹೂಡಿದರೆ ಸರ್ಕಾರ ಮಣಿಯುತ್ತದೆ. ರೋಗಿ ಮುಷ್ಕರ ಹೂಡಲಾರ. ರೈತನೂ ಅಷ್ಟೇ, ಈ ವರ್ಷ ಬೀಜ ಕೊಳ್ಳುವುದಿಲ್ಲ ಎಂದರೆ ಉಪವಾಸ ಬೀಳುವವನು ಅವನೇ.

ಗೊಬ್ಬರದಲ್ಲೂ ಇದೇ ಆಟ. 45 ಕಿಲೋ ಯೂರಿಯಾ ಚೀಲದ ಮೇಲೆ 266 ರೂಪಾಯಿ 50 ಪೈಸೆ ಅಚ್ಚಾಗಿದೆ. ಕೇಳಲು ಹೋದರೆ ‘ಲಿಂಕ್’ ಇದೆ ಎನ್ನುತ್ತಾರೆ: ಯೂರಿಯಾ ಬೇಕಾದರೆ ಜೊತೆಗೆ ಈ ಬಾಟಲಿ, ಈ ಪುಡಿ ಒಯ್ಯಲೇಬೇಕು. ಅಂಗಡಿಕಾರನನ್ನು ಬೈದು ಪ್ರಯೋಜನವಿಲ್ಲ, ಅವನ ತಲೆಗೂ ಮೇಲಿನವರು ಹಾಗೇ ಕಟ್ಟಿರುತ್ತಾರೆ. ಎಂಆರ್‌ಪಿ ಎಂಬುದು ನಗರದ ಬಿಸ್ಕತ್ತು ಪೊಟ್ಟಣಕ್ಕೆ ಇರುವ ಕಾನೂನು, ಹಳ್ಳಿಯ ಚೀಲಕ್ಕೆ ಅಲ್ಲವೇನೋ. ಹಾವೇರಿಯಲ್ಲಿ 2008ರ ಜೂನ್ 10ರಂದು ರೈತರು ಬೀದಿಗೆ ಬಂದದ್ದು ಗೊಬ್ಬರ ಕೊಡಿ ಎಂದು. ಪುಕ್ಕಟೆ ಕೊಡಿ ಎಂದಲ್ಲ, ದುಡ್ಡು ಕೊಡುತ್ತೇವೆ, ಗೊಬ್ಬರ ಕೊಡಿ ಎಂದು. ಪೊಲೀಸರ ಗುಂಡಿಗೆ ಇಬ್ಬರು ಪ್ರಾಣ ಬಿಟ್ಟರು. ಅದನ್ನು ನಾವು ಗೋಲಿಬಾರ್ ಎಂದು, ರೈತ ಹೋರಾಟ ಎಂದು ನೆನೆಯುತ್ತೇವೆ. ಗ್ರಾಹಕರ ದಿನದ ಭಾಷಣದಲ್ಲಿ ಆ ಇಬ್ಬರ ಹೆಸರು ಬಂದದ್ದಿಲ್ಲ. 2025ರ ಜುಲೈನಲ್ಲಿ ಕೊಪ್ಪಳದಲ್ಲಿ ಯೂರಿಯಾ ಸಿಗದ ರೈತರೊಬ್ಬರು ಹೊಲದ ಮಣ್ಣನ್ನೇ ಬಾಯಿಗೆ ಹಾಕಿಕೊಂಡರು. ನಾಡೆಲ್ಲ ಮೊಬೈಲಿನಲ್ಲಿ ನೋಡಿತು.

1992ರ ಡಿಸೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಬೀದಿಗೆಸೆದು ಬೆಂಕಿ ಹಚ್ಚಿದರು. ಕಾನೂನು ಕೈಗೆತ್ತಿಕೊಂಡರು ಎಂದು ಸಭ್ಯರು ಬೇಸರಪಟ್ಟರು. ಕಾನೂನು ಯಾರ ಕೈಯಲ್ಲಿತ್ತೋ ಅವರು ಅದನ್ನು ಒಮ್ಮೆಯಾದರೂ ಎತ್ತಿದ್ದರೆ ರೈತ ಎತ್ತುವ ಪ್ರಮೇಯ ಬರುತ್ತಿತ್ತೇ?

ನನ್ನ ಜಗಳದ ಮೂಲ ಇಲ್ಲಿದೆ. ಗ್ರಾಹಕರ ಸಂರಕ್ಷಣಾ ಕಾಯ್ದೆಯ 35ನೇ ಕಲಮನ್ನು ತೆಗೆದು ನೋಡಿ. ದೂರು ಕೊಡಬಹುದಾದವರು ಯಾರು? ಗ್ರಾಹಕ. ಗ್ರಾಹಕರ ಸಂಘ. ಒಂದೇ ಬಗೆಯ ನಷ್ಟಕ್ಕೆ ಒಳಗಾದ ಹಲವರ ಪರವಾಗಿ ಒಬ್ಬರು. ಕೇಂದ್ರ ಸರ್ಕಾರ, ಕೇಂದ್ರ ಪ್ರಾಧಿಕಾರ. ಅವರ ಪಕ್ಕದಲ್ಲೇ, ಸ್ಪಷ್ಟವಾಗಿ, ರಾಜ್ಯ ಸರ್ಕಾರ. ಅಂದರೆ ಒಂದು ಹೋಬಳಿಯ ಮುನ್ನೂರು ಹೊಲದಲ್ಲಿ ಒಂದೇ ಲಾಟಿನ ಬೀಜ ಹುಟ್ಟದಿದ್ದರೆ, ಆ ಮುನ್ನೂರು ಜನರೂ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಿಲ್ಲ. ಕರ್ನಾಟಕ ಸರ್ಕಾರವೇ ದೂರುದಾರನಾಗಿ ಕಂಪನಿಯ ಎದುರು ನಿಲ್ಲಬಹುದು. ಇದು ನಿನ್ನೆ ಮೊನ್ನೆಯ ಅಧಿಕಾರವೂ ಅಲ್ಲ, 1986ರ ಕಾಯ್ದೆಯಲ್ಲೂ ಸರ್ಕಾರಗಳಿಗೆ ಈ ದಾರಿ ಇತ್ತು. ದೆಹಲಿ ಅದನ್ನು ಬಳಸಿದೆ: 2015ರಲ್ಲಿ ಮ್ಯಾಗಿ ನೂಡಲ್ಸ್ ಗಲಾಟೆಯಾದಾಗ ಕೇಂದ್ರ ಸರ್ಕಾರವೇ ನೆಸ್ಲೆ ಕಂಪನಿಯ ಮೇಲೆ 640 ಕೋಟಿ ರೂಪಾಯಿ ಪರಿಹಾರ ಕೇಳಿ ರಾಷ್ಟ್ರೀಯ ಆಯೋಗದಲ್ಲಿ ದೂರು ಹೂಡಿತು. 2024ರ ಏಪ್ರಿಲಿನಲ್ಲಿ ಅದು ವಜಾ ಆಯಿತು, ಆ ಮಾತು ಬೇರೆ. ಸೋಲುವುದಕ್ಕಾದರೂ ಕಣಕ್ಕೆ ಇಳಿಯಬೇಕಲ್ಲ! ಎರಡು ನಿಮಿಷದ ನೂಡಲ್ಸಿಗೆ ಸರ್ಕಾರ ದೂರುದಾರನಾಗುತ್ತದೆ, ನಾಲ್ಕು ತಿಂಗಳ ಬೆಳೆಗೆ ಆಗುವುದಿಲ್ಲ.

ಜಿಲ್ಲಾಧಿಕಾರಿಗಳಿಗೂ ಕಾಯ್ದೆ ಕೆಲಸ ಕೊಟ್ಟಿದೆ. 16ನೇ ಕಲಮಿನ ಪ್ರಕಾರ ಒಂದು ವರ್ಗದ ಗ್ರಾಹಕರಿಗೇ ಅನ್ಯಾಯವಾಗಿದೆ ಎಂಬ ದೂರು ಬಂದರೆ ಅವರು ವಿಚಾರಣೆ ನಡೆಸಿ ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಅವರ ಅಧ್ಯಕ್ಷತೆಯಲ್ಲಿ ಜಿಲ್ಲಾ ಗ್ರಾಹಕರ ಸಂರಕ್ಷಣಾ ಪರಿಷತ್ತು ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. ರಾಜ್ಯ ಮಟ್ಟದಲ್ಲಿ ಸಚಿವರ ಅಧ್ಯಕ್ಷತೆಯದೂ ಅಷ್ಟೇ. ನಿಮ್ಮ ಜಿಲ್ಲೆಯಲ್ಲಿ ಕೊನೆಯ ಸಭೆ ಯಾವಾಗ ನಡೆಯಿತು, ನಡವಳಿಯಲ್ಲಿ ಬೀಜ ಎಂಬ ಪದ ಇದೆಯೇ ಎಂದು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ ನೋಡಿ. ಬರುವ ಉತ್ತರವನ್ನು ಊರ ಚಾವಡಿಯಲ್ಲಿ ಅಂಟಿಸಿ.

ಇಷ್ಟೆಲ್ಲ ಬಿಗಿ ಮಾಡಿದರೆ ಕಂಪನಿಗಳು ರಾಜ್ಯ ಬಿಟ್ಟು ಹೋಗುತ್ತವೆ ಎಂದು ಹೆದರಿಸುವವರಿದ್ದಾರೆ. ಎಲ್ಲಿಗೆ ಹೋಗುತ್ತವೆ ಸ್ವಾಮಿ? ರಾಣೆಬೆನ್ನೂರಿನ ಹವೆ, ಅಲ್ಲಿಯ ಹೆಣ್ಣುಮಕ್ಕಳ ಉಗುರಿನ ಕಸುಬು, ಅವರಿಗೆ ಕೊಡುವ ಕೂಲಿ, ಈ ಮೂರೂ ಒಂದೇ ಕಡೆ ಸಿಗುವ ಇನ್ನೊಂದು ತಾಲ್ಲೂಕನ್ನು ಅವರು ತೋರಿಸಲಿ. ಬೀಜವನ್ನು ಇಲ್ಲೇ ಬೆಳೆಸಿಕೊಂಡು ಇಲ್ಲೇ ಮಾರುವವರು ಇಲ್ಲಿಯ ಕಾಯ್ದೆಗೆ ಬಗ್ಗದಿದ್ದರೆ ಅವರ ಲೈಸೆನ್ಸ್ ಕಡತದ ಮೇಲೆ ಸಹಿ ಹಾಕುವ ಪೆನ್ನು ಸರ್ಕಾರದ ಕೈಯಲ್ಲೇ ಇದೆಯಲ್ಲ.

ಹಾಗಾಗಿ ಬರುವ ಡಿಸೆಂಬರ್ 24ಕ್ಕೆ ಶಾಲು, ಹಾರ ಬೇಡ. ಆ ದಿನದೊಳಗೆ ರಾಜ್ಯ ಸರ್ಕಾರ, ಹೋದ ಮುಂಗಾರಿನಲ್ಲಿ ರೈತ ಸಂಪರ್ಕ ಕೇಂದ್ರಗಳಿಗೆ ಬಂದ ಕಳಪೆ ಬೀಜದ ಅರ್ಜಿಗಳನ್ನೆಲ್ಲ ಕಟ್ಟು ಕಟ್ಟಿ, ಲಾಟಿನ ಪ್ರಕಾರ ಬೇರ್ಪಡಿಸಿ, ಒಂದೊಂದು ಲಾಟಿಗೆ ಒಂದೊಂದು ದೂರು ತಾನೇ ಬರೆದು ಆಯೋಗದಲ್ಲಿ ದಾಖಲಿಸಲಿ. ಕನ್ನಡದಲ್ಲಿ ಬರೆಯಲಿ, ಆದೇಶವೂ ಕನ್ನಡದಲ್ಲಿ ಬರಲಿ ಎಂದು ಕೇಳಲಿ. ಪರೀಕ್ಷೆಯ ಶುಲ್ಕವನ್ನು ಖಜಾನೆಯಿಂದ ಕಟ್ಟಲಿ. ವಕೀಲರಿಗೆ ದುಡ್ಡೆಲ್ಲಿ ಎಂದು ಆರ್ಥಿಕ ಇಲಾಖೆ ತಕರಾರು ತೆಗೆಯುವುದು ಬೇಡ. ಪ್ರತಿ ಜಿಲ್ಲೆಯಲ್ಲೂ ಸರ್ಕಾರಿ ವಕೀಲರಿದ್ದಾರೆ, ರೈತನ ಜಮೀನು ಸ್ವಾಧೀನ ಮಾಡಿಕೊಳ್ಳುವ ಮೊಕದ್ದಮೆಗಳಲ್ಲಿ ಅವರು ಒಂದು ವಾಯ್ದೆಯನ್ನೂ ತಪ್ಪಿಸುವುದಿಲ್ಲ.